ಕೆಂಪು ಕಾರು, ಕರಿ ಕಾರು

“ಎರಡ್ರಲ್ಲಿ ಯಾವ್ದು ಬೇಕು? ನೀನೇ ಹೇಳು ಮನು. ನಿಂಗೆ ಯಾವ್ದು ಇಷ್ಟಾನೋ ಅದೇ.”

ಅಪ್ಪ ತಮ್ಮನನ್ನು ಹೀಗೆ ಕೇಳುತ್ತಿದ್ದಂತೆ ಶ್ಯಾಮಲಾ ಮುಖ ತಿರುಗಿಸಿಕೊಂಡಳು. ಅವಳನ್ನು ಅಪ್ಪ ಒಂದು ದಿನವೂ ಹೀಗೆ ಕೇಳಿದ್ದಿಲ್ಲ. ತಂದದ್ದನ್ನು ತೊಡು, ಬಡಿಸಿದ್ದನ್ನು ತಿನ್ನು. ಅವಳಿಗೆ ಕಾರೇ ಬೇಕೆಂದೇನೂ ಇರಲಿಲ್ಲ. ‘ನಿನಗೇನು ಬೇಕು’ ಎಂದು ಯಾರಾದರೂ ಒಂದೇ ಒಂದು ಸಲ ತನ್ನನ್ನೂ ಕೇಳಬೇಕು, ಅಷ್ಟೇ.

ಮುಖ ಕಾಣುವಷ್ಟು ಹೊಳೆಯುವ ನೆಲದ ಮೇಲೆ, ಗಾಜಿನ ಗೋಡೆಯ ಪಕ್ಕದಲ್ಲಿ ಎರಡೂ ನಿಂತಿದ್ದವು. ಕೆಂಪುದು ಸ್ಪೋರ್ಟ್ಸ್ ಕಾರು. ತೆಳ್ಳನೆಯ ಮೈ, ನೆಲಕ್ಕೆ ಅಂಟಿದಂಥ ಹೊಟ್ಟೆ, ಒಬ್ಬರಿಗೇ ಸೀಟು. ಸ್ಟಿಯರಿಂಗ್‌ಗೆ ಬೆರಳು ತಾಕಿಸಿದರೆ ಸಾಕು, ಇದ್ದಲ್ಲೇ ಗಿರಕಿ ಹೊಡೆಯುತ್ತದಂತೆ. ಕರಿಯದು ಮಸಲ್ ಕಾರು. ಪೈಲ್ವಾನನ ಎದೆಯಂತೆ ಉಬ್ಬಿದ ಬಾನೆಟ್ಟು, ದಪ್ಪ ಟೈರು, ಸ್ಟಾರ್ಟ್ ಮಾಡಿದರೆ ಗುಡುಗಿದಂಥ ಸದ್ದು. ಶ್ಯಾಮಲಾಳ ಕಣ್ಣು ಬಿದ್ದದ್ದು ಕರಿಯದರ ಮೇಲೆ.

ಬೆಳಿಗ್ಗೆ ಕುಂದಲಹಳ್ಳಿಯ ಮನೆ ಬಿಡುವಾಗಲೇ ಅಮ್ಮ ತಾಕೀತು ಮಾಡಿದ್ದಳು: “ಬಾಡಿಗೆಯೋರು ಕೇಳಿದ್ರೆ ದೇವಸ್ಥಾನಕ್ಕೆ ಅನ್ನು. ಮಿಕ್ಕಿದ್ದೇನೂ ಬಾಯಿ ಬಿಡ್ಬೇಡ.” ಊರಿನವರ ಕಣ್ಣು ಬೀಳಬಾರದೆಂಬ ಎಚ್ಚರಿಕೆ. ಕೆರೆಯ ಹತ್ತಿರದ ಸೈಟನ್ನು ಅಪ್ಪ ಹೋದ ತಿಂಗಳು ಮಾರಿದ್ದೂ ಹೀಗೇ ಗುಟ್ಟಾಗಿ. ‘ಇದು ನಮ್ಮ ಶ್ಯಾಮಿಗೆ’ ಎಂದು ಅವನೇ ಹಿಂದೊಮ್ಮೆ ಹೇಳಿದ್ದ ಸೈಟು. ಯಾರ ಸಲುವಾಗಿ ಮಾರಿದನೆಂದು ಅವಳಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಯುಗಾದಿಯಿಂದಲೂ ಮನೆಯೆಲ್ಲ ಮನುವಿನ ಸುತ್ತಲೇ ತಿರುಗುತ್ತಿತ್ತು. ಕೆಳಗಿನ ಅವಳ ಕೋಣೆ ಅವನದಾಯಿತು, ಅವಳು ಮಹಡಿಗೆ ಹೋದಳು. ಸಾರಿಗೆ ಉಪ್ಪು ಬೀಳುವುದೂ ಅವನ ಲೆಕ್ಕಕ್ಕೇ. ಅವನೊಂದಿಗೆ ಜಗಳ ಆಡುವಂತಿಲ್ಲ, ದನಿ ಎತ್ತುವಂತಿಲ್ಲ. ಅವಳು ಪರೀಕ್ಷೆಯಲ್ಲಿ ಎಲ್ಲರಿಗಿಂತ ಮುಂದೆ ಬಂದಾಗ ಅಪ್ಪ ಒಂದು ಪೆನ್ನು ಕೊಟ್ಟಿದ್ದ. ಇವನು ಏನು ಸಾಧಿಸಿದ್ದನೆಂದು ಈ ಮೆರವಣಿಗೆ?

ನೀಲಿ ಸಮವಸ್ತ್ರದ ಹುಡುಗಿ ಕಾಗದಗಳ ಕಟ್ಟು ಹಿಡಿದು ಬಂದಳು. ಎದೆಯ ಮೇಲೆ ಶೈಲಶ್ರೀ ಎಂಬ ಹೆಸರಿನ ಪಟ್ಟಿ.

“ಏನ್ ಸಾರ್, ಡಿಸೈಡ್ ಮಾಡಿದ್ರಾ?” ಎಂದು ಮನುವನ್ನೇ ಕೇಳಿದಳು. “ಒಂಬತ್ತೂವರೆಗೆ ನಮ್ ಟೈಮು. ಆಮೇಲೆ ಬೇರೆಯೋರು ಬರ್ತಾರೆ.”

‘ಸಾರ್’ ಬೇರೆ. ಮನು ಹಲ್ಲು ಕಿರಿದ.

ಹುಡುಗಿ ಅಪ್ಪನ ಕಡೆ ಕಾಗದ ಚಾಚಿದಳು. “ಇಲ್ಲೊಂದು ಸೈನ್, ಇಲ್ಲೊಂದು. ಕೊನೇ ಪೇಜಲ್ಲಿ ಅಮ್ಮಂದೂ ಬೇಕು.” ಬಾಡಿಗೆ ಕರಾರನ್ನು ಮೂರು ಸಲ ಓದಿ ಸಹಿ ಹಾಕುವ ಅಪ್ಪ ಇವತ್ತು ಒಂದು ಸಾಲನ್ನೂ ಓದಲಿಲ್ಲ.

ಅಮ್ಮನನ್ನು ನೋಡಿದರೆ ಇನ್ನೂ ಉರಿ. ಮನು ಏನೂ ತಿಂದಿಲ್ಲವೆಂದು ಅವಳೂ ಒಂದು ಗುಟುಕು ಕಾಫಿ ಕುಡಿದಿರಲಿಲ್ಲ. ಒಂದು ಕೈ ಅವನ ಭುಜದ ಮೇಲೆ ಇಟ್ಟದ್ದು ಇಟ್ಟ ಹಾಗೇ ಇತ್ತು.

ಶ್ಯಾಮಲಾಳಿಗೆ ತಡೆಯಲಾಗಲಿಲ್ಲ.

“ಅವ್ನ ಬದ್ಲು ನಾನೇ ಹೋಗ್ತೀನಿ ಬಿಡಿ. ಅವ್ನು ಮುಂದಿನ್ ಸಲ ಹೋಗ್ಲಿ.”

ಅಪ್ಪನ ಪೆನ್ನು ನಿಂತುಬಿಟ್ಟಿತು. ಅಮ್ಮ ಬಂದು ಅವಳ ಬಾಯಿಗೆ ಅಂಗೈ ಒತ್ತಿ ಹಿಡಿದಳು.

“ಬಿಡ್ತು ಅನ್ನು. ಮೊದ್ಲು ಬಿಡ್ತು ಅನ್ನು ಶ್ಯಾಮಿ.”

“ಬಿಡ್ತು,” ಎಂದಳು ಅಂಗೈಯೊಳಗಿನಿಂದಲೇ. ಇಷ್ಟಕ್ಕೇ ಅಮ್ಮನ ಕಣ್ಣಲ್ಲಿ ನೀರು. ಮಗನ ಸರದಿಯನ್ನು ಕೇಳಿದ್ದೇ ಅಷ್ಟು ದೊಡ್ಡ ತಪ್ಪಾಯಿತೇ?

ಸಿಗದಿದ್ದರೆ ಸಿಗದಿರಲಿ, ಕರಿಯದು ಅವನಿಗೂ ಸಿಗಬಾರದು. ತಮ್ಮನ ಪಕ್ಕಕ್ಕೆ ಹೋಗಿ ಪಿಸುಗುಟ್ಟಿದಳು. “ಕರಿದು ಬೇಡ ಕಣೋ. ಬರೀ ಸದ್ದು, ಓಡಲ್ಲ. ಕೆಂಪುದು ನೋಡು, ಎಷ್ಟು ಚುರುಕಾಗಿದೆ.”

ಮನು ಕೆಂಪುದನ್ನು ಸವರಿದ. ಕರಿಯದರ ಸುತ್ತ ಒಂದು ಸುತ್ತು ಬಂದ. ಅಷ್ಟಕ್ಕೇ ಅವನಿಗೆ ಏದುಸಿರು. ಸುಧಾರಿಸಿಕೊಂಡು ಹೇಳಿದ:

“ಕರಿದು.”

“ನಾನ್ ಹೇಳಿದ್ದು ಕೇಳಿಸ್ಲಿಲ್ವಾ?”

“ಕೇಳಿಸ್ತು. ಕೆಂಪುದ್ರಲ್ಲಿ ಒಂದೇ ಸೀಟು ಅಕ್ಕ. ಇದ್ರಲ್ಲಿ ನೀನೂ ಕೂತ್ಕೋಬೋದು.”

ಶೈಲಶ್ರೀ ಅಪ್ಪನ ಮುಖ ನೋಡಿದಳು. ಅಪ್ಪ ತಲೆಯಾಡಿಸಿದ.

ಕಾರು ಗುಡುಗಿ ಹೊರಟಿತು. ಸ್ಟಿಯರಿಂಗ್ ಮನುವಿನ ಕೈಯಲ್ಲಿ, ಪಕ್ಕದಲ್ಲಿ ಶ್ಯಾಮಲಾ. ಎರಡೂ ಬದಿಯಲ್ಲಿ ಕುಳಿತಿದ್ದವರು ಎದ್ದು ನಿಂತು ನೋಡಿದರು, ಒಬ್ಬರು ಕೈಬೀಸಿದರು. ಎಷ್ಟೋ ತಿಂಗಳ ಮೇಲೆ ಅವಳ ಎದೆಯ ಉರಿ ಒಂದಿಷ್ಟು ತಣ್ಣಗಾಯಿತು. ಅಪ್ಪ ಅಮ್ಮ ಹಿಂದೆ ನಡೆದು ಬರುತ್ತಿದ್ದರು.

ನೆಲದ ಮೇಲೆ ಬಳಿದಿದ್ದ ಒಂದು ಹಳದಿ ಗೆರೆಯ ಹತ್ತಿರ ಕಾರು ನಿಂತಿತು.

“ಅಕ್ಕಂಗೆ ಇಲ್ಲೀವರೆಗೆ ಅಷ್ಟೆ. ಇಳೀಬೇಕು,” ಎಂದಳು ಶೈಲಶ್ರೀ.

ಮತ್ತೆ ಅವನೊಬ್ಬನಿಗೇ. ಶ್ಯಾಮಲಾ ಮುಖ ಊದಿಸಿಕೊಂಡು ಇಳಿದಳು. ಅಮ್ಮ ಮನುವಿನ ಹಣೆಗೆ ಮುತ್ತಿಟ್ಟಳು. ಅಪ್ಪ ಗೋಡೆಯ ಕಡೆ ತಿರುಗಿ ನಿಂತ.

ಮನು ಕತ್ತು ಹೊರಳಿಸಿ ಕೂಗಿದ. “ಅಕ್ಕ, ವಾಪಸ್ ಬರ್ವಾಗ ನೀನೇ ಓಡ್ಸು. ಯಾವ್ದು ಬೇಕು ನಿಂಗೆ, ಕೆಂಪುದಾ, ಕರಿದಾ?”

ಕೊನೆಗೂ ಒಬ್ಬರು ಕೇಳಿದ್ದರು. ಆದರೆ ಅಷ್ಟು ಸುಲಭಕ್ಕೆ ಬಗ್ಗುವವಳಲ್ಲ ಶ್ಯಾಮಲಾ.

“ನೀನ್ ಬಾ, ಬಂದ್ಮೇಲೆ ಹೇಳ್ತೀನಿ,” ಎಂದಳು ಬಿಗುಮಾನದಿಂದ.

ಶೈಲಶ್ರೀ ಕೈಯಲ್ಲಿದ್ದ ರಿಮೋಟನ್ನು ಒತ್ತಿದಳು. ಮೊಣಕಾಲೆತ್ತರದ ಆಟದ ಕಾರು ಐದು ವರ್ಷದ ಮನುವನ್ನು ಹೊತ್ತು ಹೃದಯದ ಆಪರೇಷನ್ ಕೋಣೆಯೊಳಗೆ ಹೋಯಿತು, ಬಾಗಿಲು ಮುಚ್ಚಿಕೊಂಡಿತು.