ಸುಂಕಲಮ್ಮನ ಗಾಳ

ಬೆಳಿಗ್ಗೆಯಿಂದ ಮೂರನೆಯ ಮೀನನ್ನು ಸುಂಕಲಮ್ಮ ದಂಡೆಗೆ ಎಳೆದು ಹಾಕಿದಾಗ ಉಚ್ಚೆಂಗೆಪ್ಪ ಆ ಕಡೆ ತಿರುಗಿಯೂ ನೋಡಲಿಲ್ಲ. ಬೀಡಿ ಹಚ್ಚಿಕೊಂಡು ತನ್ನ ಗಾಳದ ಬೆಂಡನ್ನೇ ದಿಟ್ಟಿಸುತ್ತ ಕುಳಿತ. ತುಂಗಭದ್ರೆಯ ನೀರಿನಲ್ಲಿ ಅದು ಮೊಳೆ ಹೊಡೆದಂತೆ ನಿಂತಲ್ಲೇ ನಿಂತಿತ್ತು.

"ಮಾವ, ಇದು ರೋಹು ಅಲ್ಲೇನು?" ಅಂದಳು. ಅಕ್ಕನ ಮಗಳನ್ನೇ ಮದುವೆಯಾದವನು ಅವನು. ಮೂವತ್ತು ವರ್ಷವಾದರೂ ಹೆಂಡತಿಯ ಬಾಯಲ್ಲಿ ಮಾವನೇ.

"ಬರೇ ಜಿಲೇಬಿ ಮೀನಿರಬೇಕು," ಅಂದ, ನೋಡದೆ.

ಸಿರುಗುಪ್ಪದ ರೈಸ್ ಮಿಲ್ಲಿನಲ್ಲಿ ಮೂಟೆ ಹೊರುವ ಉಚ್ಚೆಂಗೆಪ್ಪ ಭಾನುವಾರ ಬಂತೆಂದರೆ ಕೆಂಚನಗುಡ್ಡದ ಬಳಿಯ ಹೊಳೆದಂಡೆಯಲ್ಲೇ ಇರುವವನು. ಯಾವ ಮಡುವಿನಲ್ಲಿ ಯಾವ ಮೀನು, ಯಾವ ಹೊತ್ತಿಗೆ ಅದು ಮೇಲೆ ಬರುತ್ತದೆ, ಎಲ್ಲ ಅವನನ್ನೇ ಕೇಳಬೇಕು. ಎರಡು ತಿಂಗಳ ಹಿಂದೆ, ಗದ್ದೆಯ ನಾಟಿ ಮುಗಿದು ಕೈ ಖಾಲಿಯಾದ ಸುಂಕಲಮ್ಮ ತಾನೂ ಬರುತ್ತೇನೆಂದಾಗ ಅವನೇ ಒಂದು ನೀರಿನ ಬಾಟಲಿಗೆ ನೈಲಾನ್ ದಾರ ಸುತ್ತಿ, ತುದಿಗೆ ಸೀಸದ ತುಂಡು, ಗಾಳ ಕಟ್ಟಿ ಕೊಟ್ಟಿದ್ದ. ತನ್ನ ರೀಲಿನ ಕೋಲನ್ನು ಮಾತ್ರ ಮುಟ್ಟಗೊಡಲಿಲ್ಲ. ಒಂದು ದಿನ ಕೂತು ಬೇಜಾರಾದರೆ ತಾನಾಗಿಯೇ ಬಿಡುತ್ತಾಳೆ ಅಂದುಕೊಂಡಿದ್ದ. ಅವಳು ಬಿಡಲಿಲ್ಲ. ಮಿಲ್ಲಿನ ತೌಡನ್ನೂ ಶೇಂಗಾ ಹಿಂಡಿಯನ್ನೂ ಘಮ್ಮೆನ್ನುವಂತೆ ಹುರಿದು, ರೊಟ್ಟಿಯ ಹಿಟ್ಟಿನ ಹಾಗೆ ನಾದಿ, ಗಾಳದ ಸುತ್ತ ಉಂಡೆ ಕಟ್ಟಿ ಎಸೆದಳು. ಮೀನು ಬಂದವು. ಬರುತ್ತಲೇ ಇದ್ದವು.

ಹೋದ ವಾರ ಅವಳ ಹಿಟ್ಟನ್ನೇ ಕದ್ದು ತನ್ನ ಗಾಳಕ್ಕೆ ಮೆತ್ತಿ ನೋಡಿದ್ದ. ಈ ವಾರ ಬಿಸಿಲಿನ ನೆಪ ಹೇಳಿ ಅವಳ ಜಾಗಕ್ಕೆ ತಾನು ಬಂದು ಕೂತಿದ್ದ. ಮೀನುಗಳೂ ಅವಳ ಬೆನ್ನಿಗೇ ಜಾಗ ಬದಲಿಸಿದವು.

ಅಷ್ಟರಲ್ಲಿ ಸಿರಿಗೇರಿಯ ಹನುಮೇಶ್ ಬೈಕಿನಲ್ಲಿ ಬಂದ. ವಾರ ವಾರವೂ ಉಚ್ಚೆಂಗೆಪ್ಪನ ಪಕ್ಕ ಕುಕ್ಕರಗಾಲಲ್ಲಿ ಕೂತು ಗಾಳ ಹಾಕುವುದನ್ನು ಕಲಿತವನು, ಇವತ್ತು ಅವನನ್ನು ದಾಟಿ ನೇರ ಅವಳ ಬಳಿ ಹೋದ.

"ಅಕ್ಕಾ, ಹಿಟ್ಟಿಗೆ ಏನೇನು ಹಾಕ್ತಿ, ನನಗೂ ಹೇಳಿಕೊಡು."

"ನನಗೇನು ಗೊತ್ತೈತಪ್ಪ. ಎಲ್ಲಾ ಮಾವ ಕಲಿಸಿದ್ದು."

ಅದು ಸುಳ್ಳೆಂದು ಮೂವರಿಗೂ ಗೊತ್ತಿತ್ತು. ಹನುಮೇಶ್ ಉಚ್ಚೆಂಗೆಪ್ಪನ ಖಾಲಿ ಚೀಲದತ್ತ ಒಮ್ಮೆ ನೋಡಿ, ತುಟಿ ಬಿಚ್ಚದೆ ನಕ್ಕು, ಬೈಕು ಹತ್ತಿ ಹೋದ. ಅವಳು ಬೈದಿದ್ದರೂ ಉಚ್ಚೆಂಗೆಪ್ಪನ ಹೊಟ್ಟೆ ಅಷ್ಟು ಉರಿಯುತ್ತಿರಲಿಲ್ಲ.

ಬೈಕಿನ ಸದ್ದು ಅಡಗಿತ್ತೋ ಇಲ್ಲವೋ, ಕಲ್ಲಿನ ಮೇಲಿದ್ದ ಬಾಟಲಿ ಎಗರಿ ನೀರಿನತ್ತ ಉರುಳಿತು. ಸುಂಕಲಮ್ಮ ಅದನ್ನು ಕಾಲಲ್ಲಿ ಒತ್ತಿ ಹಿಡಿದು ದಾರವನ್ನು ಕೈಗೆ ತೆಗೆದುಕೊಂಡಳು. ನಡುಹೊಳೆಯಲ್ಲಿ ಅಗಲವಾದ ಬೆನ್ನೊಂದು ಹೊರಳಿತು. ಕಾಟ್ಲಾ. ಹತ್ತು ಕಿಲೋಗೆ ಕಡಿಮೆಯಿಲ್ಲ. ಇಷ್ಟು ವರ್ಷದಲ್ಲಿ ಅಂಥದ್ದೊಂದು ಅವನ ಗಾಳಕ್ಕೆ ಬಿದ್ದಿರಲಿಲ್ಲ.

"ಮಾವ, ಹಿಡಿ ಬಾ. ನನ್ನ ಕೈಲೆ ಆಗಂಗಿಲ್ಲ."

"ನೀನ ಹಾಕಿದ ಗಾಳ, ನೀನ ಎಳಿ."

ಎಳೆದಳು. ಮೀನು ಓಡಿದಾಗ ಬೆರಳ ಸಂದಿಯಲ್ಲಿ ದಾರ ಬಿಟ್ಟಳು. ಅದು ದಣಿದು ನಿಂತಾಗ ಮೊಳ ಮೊಳವಾಗಿ ಹಿಂದಕ್ಕೆ ಪಡೆದಳು. ಹೀಗೆ ಮಾಡೆಂದು ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ. ಒಂದು ಸಲವಾದರೂ ಅವಸರಪಟ್ಟು ಜಗ್ಗಲಿ, ದಾರ ಹರಿಯಲಿ ಎಂದು ಉಚ್ಚೆಂಗೆಪ್ಪ ಕಾದ. ಅರ್ಧ ಗಂಟೆ ಕಾದ. ಕೊನೆಗೆ ಮೀನೇ ಸೋತು, ಮಗ್ಗುಲಾಗಿ, ದಂಡೆಯ ಬಂಡೆಗಳ ಹತ್ತಿರ ತೇಲಿ ಬಂತು.

"ಈಗರ ಇಳಿ ಮಾವ," ಅಂದಳು, ಏದುಸಿರು ಬಿಡುತ್ತ.

ಅವನು ಕೈಬಲೆ ಹಿಡಿದು ಸೊಂಟದ ಮಟ್ಟ ನೀರಿಗೆ ಇಳಿದ. ಹತ್ತಿರದಿಂದ ಮೀನು ಇನ್ನೂ ದೊಡ್ಡದಾಗಿ ಕಂಡಿತು. ಬಾಯಿ ತೆರೆದು ಮುಚ್ಚುತ್ತಿತ್ತು. ಅಂಗೈಯಗಲದ ಕಿವಿರು ಏಳುತ್ತ ಬೀಳುತ್ತ ಇತ್ತು. ಇದನ್ನು ಎತ್ತಿಕೊಟ್ಟರೆ ನಾಳೆ ಮಿಲ್ಲಿನಲ್ಲಿ, ಚಹಾದಂಗಡಿಯಲ್ಲಿ, ಸಿರಿಗೇರಿಯ ತನಕ ಇವಳದೇ ಮಾತು. ಉಚ್ಚೆಂಗೆಪ್ಪ ಅವಳಿಗೆ ಬೆನ್ನು ಕೊಟ್ಟು ನಿಂತ. ಎಡಗೈಯಲ್ಲಿ ದಾರ ಹಿಡಿದು ಬಂಡೆಯ ಅಂಚಿಗೆ ಒತ್ತಿ ಉಜ್ಜಿದ. ನಾಲ್ಕೈದು ಸಲ ಉಜ್ಜಬೇಕಾಯಿತು. ಹರಿದ ಮೇಲೂ ಮೀನು ಒಂದು ಗಳಿಗೆ ಅಲ್ಲೇ ಇತ್ತು, ತಾನು ಬಿಡುಗಡೆಯಾದದ್ದು ಗೊತ್ತಾಗದ ಹಾಗೆ. ಆಮೇಲೆ ಬಾಲ ಬಡಿದು ಅವನ ಮುಖಕ್ಕೆ ನೀರೆರಚಿ ಆಳಕ್ಕೆ ಹೋಯಿತು.

ಅಳುತ್ತಾಳೆ, ಇಲ್ಲವೆ ಬೈಯುತ್ತಾಳೆ ಎಂದುಕೊಂಡು ತಿರುಗಿದ. ಸುಂಕಲಮ್ಮ ದಂಡೆಯ ಮೇಲೆ ಕುಸಿದು ಕೂತು ನಗುತ್ತಿದ್ದಳು.

"ನೋಡಿದಿ ಏನು ಮಾವ, ಎಷ್ಟು ದೊಡ್ಡದಿತ್ತು. ಇನ್ನೂ ಜಗ್ಗಿದಂಗ ಆಗಾಕತ್ತೈತಿ ನೋಡು, ಕೈಯಾಗ." ದಾರ ಕೊರೆದು ಕೆಂಪಾದ ಎರಡೂ ಅಂಗೈಗಳನ್ನು ಅವನತ್ತ ಚಾಚಿದಳು. ಅವಳ ಮುಖದಲ್ಲಿದ್ದ ಸುಖವನ್ನು ಕಂಡು ಅವನಿಗೆ ಮೊದಲಿಗಿಂತ ಹೆಚ್ಚು ಉರಿಯಿತು.

"ಕಲ್ಲಿಗೆ ತಾಗಿ ಹರೀತು," ಅಂದ.

"ಹೋಗ್ಲಿ ಬಿಡು," ಎನ್ನುತ್ತ ಅವಳು ದಾರವನ್ನು ಬಾಟಲಿಗೆ ಸುತ್ತತೊಡಗಿದಳು. ತುದಿ ಕೈಗೆ ಬಂತು. ಉಳಿದ ದಾರವೆಲ್ಲ ನುಣ್ಣಗಿತ್ತು. ತುದಿಯ ಒಂದೇ ಒಂದು ಕಡೆ ಬೆಳ್ಳಗೆ ಸವೆದು ಎಳೆ ಎಳೆಯಾಗಿತ್ತು. ಅದನ್ನು ಬೆರಳಲ್ಲಿ ತಿರುಗಿಸಿ ನೋಡಿದಳು. ಬಂಡೆಯನ್ನು ನೋಡಿದಳು. ಅವನನ್ನು ನೋಡಲಿಲ್ಲ. ಸವೆದಷ್ಟನ್ನು ಹಲ್ಲಿನಿಂದ ಕಡಿದು ಉಗಿದು, ಹೊಸ ಗಾಳ ಕಟ್ಟಿ, ಹಿಟ್ಟಿನ ಉಂಡೆ ಮೆತ್ತಿ, ಅವನ ತಲೆಯ ಮೇಲಿಂದ ಹೊಳೆಗೆ ಎಸೆದಳು.

"ಮ್ಯಾಲೆ ಬಾ ಮಾವ," ಅಂದಳು ಮೆತ್ತಗೆ. "ಇನ್ನೊಂದು ಬಂದ್ರ ನಾನ ಇಳಿತೀನಿ. ನೀನು ದಂಡ್ಯಾಗ ಕುಂತಿರು."