ಸರಿಯಾದ ಗಾಳಿ

"ಕೆಳಗೆ ನೋಡಬೇಡಿ ಧಣಿ, ತಲೆ ಸುತ್ತುತ್ತೆ."

ಬುಟ್ಟಿಯ ಅಂಚು ಹಿಡಿದಿದ್ದ ಅವನ ಕೈ ಬಿಗಿಯಿತು. ಈ ಊರಿನಲ್ಲಿ ಅವನನ್ನು ಎಲ್ಲರೂ ಕರೆಯುವುದು ಸಾರ್ ಎಂದು. ಧಣಿ ಎನ್ನುತ್ತಿದ್ದವರು ಅವನ ಹಳೆಯ ಹೊಲಿಗೆ ಕಾರ್ಖಾನೆಯ ಹೆಣ್ಣುಮಕ್ಕಳು ಮಾತ್ರ. ಅವರಲ್ಲಿ ಹೆಚ್ಚಿನವರು ಈಗಿಲ್ಲ.

ಅವನು ನಿಧಾನವಾಗಿ ತಿರುಗಿದ. ಬಲೂನು ಹಾರಿಸುವ ಹೆಂಗಸು ತಲೆಯ ಮೇಲಿನ ಉರಿಯನ್ನು ನೋಡುತ್ತಿದ್ದಳು. ಅದರ ಬೆಳಕಿಗೆ ಅವಳ ಮುಖ ಕೆಂಪಾಗಿ ಕಾಣುತ್ತಿತ್ತು.

"ಏನಂದೆ?"

"ಹೊಸಬರಿಗೆ ಮೊದಲು ಹಾಗೇ ಆಗುತ್ತೆ ಅಂದೆ. ಆಮೇಲೆ ಅಭ್ಯಾಸ ಆಗುತ್ತೆ."

ಅರವತ್ತು ತುಂಬಿದ್ದಕ್ಕೆ ಹೆಂಡತಿ ಕೊಟ್ಟ ಉಡುಗೊರೆ ಇದು. ಅವಳಿಗೆ ಎತ್ತರವೆಂದರೆ ಆಗದು. ಅವನ ಫೋನು ಹಿಡಿದು ಫೋಟೋ ತೆಗೆಯುತ್ತ ಮೈದಾನದಲ್ಲೇ ಉಳಿದಿದ್ದಳು. ಈಗ ಮೈದಾನವೂ ಇಲ್ಲ, ಹೆಂಡತಿಯೂ ಇಲ್ಲ. ಕೆಳಗೆ ಮಂಜು, ಹಿಂಜಿದ ಹತ್ತಿಯ ಹಾಗೆ ಹರಡಿತ್ತು.

ಈ ಹಾರಾಟ ಮೂರು ಸಲ ಮುಂದಕ್ಕೆ ಹೋಗಿತ್ತು. ಪ್ರತಿ ಸಲವೂ ಬಲೂನಿನವಳದು ಒಂದೇ ಮಾತು, ಗಾಳಿ ಸರಿಯಿಲ್ಲ. ಆ ದಿನಗಳಲ್ಲಿ ಬೇರೆಯವರ ಬಲೂನುಗಳು ಆರಾಮಾಗಿ ತೇಲುವುದನ್ನು ಮನೆಯ ಮಾಳಿಗೆಯಿಂದ ನೋಡಿ ಅವನು ರೇಗಿದ್ದ. ಅದಕ್ಕೆ ಅವಳು ಫೋನಿನಲ್ಲಿ, "ಅವರ ಗಾಳಿ ಬೇರೆ ಸಾರ್, ನಿಮ್ಮ ಗಾಳಿ ಬೇರೆ" ಎಂದಿದ್ದಳು. ಹುಷಾರಾದ ಹೆಂಗಸು ಎಂದುಕೊಂಡಿದ್ದ.

ಹೊರಡುವ ಮೊದಲು ಎಲ್ಲವನ್ನೂ ತಿಳಿಸಿ ಹೇಳಿದ್ದಳು. ಇದಕ್ಕೆ ಸ್ಟಿಯರಿಂಗ್ ಇಲ್ಲ. ಒಂದೊಂದು ಎತ್ತರದಲ್ಲಿ ಒಂದೊಂದು ಗಾಳಿ. ಬೇಕಾದ ಗಾಳಿ ಸಿಗುವವರೆಗೆ ಏರುವುದು, ಇಳಿಯುವುದು, ಅಷ್ಟೇ. ನೆಲ ತಾಗುವಾಗ ಮೊಣಕಾಲು ಮಡಚಿ ಹಗ್ಗ ಹಿಡಿದುಕೊಳ್ಳಬೇಕು. ಅವನು ಒಳ್ಳೆಯ ವಿದ್ಯಾರ್ಥಿಯ ಹಾಗೆ ತಲೆಯಾಡಿಸಿದ್ದ.

ಅವಳು ಉರಿ ನಿಲ್ಲಿಸಿದಳು. ಕಿವಿ ಕಿವುಡಾಗುವಂಥ ಮೌನ.

"ನನ್ನ ತಂಗಿ ನಿಮ್ಮಲ್ಲಿ ಕಾಲರ್ ಹೊಲೀತಿದ್ದಳು" ಎಂದಳು. "ಕಿಟಕಿ ಪಕ್ಕದ ಮಿಷನ್ನು. ಆ ಕಿಟಕಿಗೂ ಸರಳು ಹಾಕಿಸಿದ್ರಿ."

"ಬೆಂಕಿ ಹತ್ತಿದ್ದು ಶಾರ್ಟ್ ಸರ್ಕ್ಯೂಟಿಂದ. ನಾನೇನು ಮಾಡಲಿ?"

"ಬಾಗಿಲಿಗೆ ಹೊರಗಿಂದ ಬೀಗ ಇತ್ತು."

"ಬೀಗದ ಕೈ ವಾಚ್‌ಮನ್ ಹತ್ರ..."

"ವಾಚ್‌ಮನ್ನೂ ಒಳಗೇ ಸತ್ತ, ಧಣಿ."

ಹನ್ನೊಂದು ವರ್ಷದಿಂದ ಆ ಬೀಗದ ಕೈಯ ಮಾತನ್ನು ಯಾರೂ ಅವನ ಎದುರು ಎತ್ತಿರಲಿಲ್ಲ. ನ್ಯಾಯಾಲಯ ಅವನನ್ನು ಕರೆಯುವ ಮೊದಲೇ ಅವನು ಗಡಿಯ ಹೊಳೆ ದಾಟಿದ್ದ. ಇಲ್ಲಿ ಭಾಷೆ ಒಂದೇ, ಕಾನೂನು ಬೇರೆ. ಇಲ್ಲಿಯ ಸರ್ಕಾರ ಯಾರನ್ನೂ ಹಿಡಿದು ಕೊಡುವುದಿಲ್ಲ. ಹೊಸ ಮನೆ ಕಟ್ಟಿಸಿದ್ದ, ಹೊಸ ಗೆಳೆಯರನ್ನು ಮಾಡಿಕೊಂಡಿದ್ದ. ಹೊಳೆಯ ಕಡೆಯ ಕಿಟಕಿಗಳನ್ನು ಮಾತ್ರ ತೆರೆಯುತ್ತಿರಲಿಲ್ಲ, ಸೊಳ್ಳೆ ಎನ್ನುತ್ತಿದ್ದ.

ಬುಟ್ಟಿ ಸದ್ದಿಲ್ಲದೆ ಇಳಿಯತೊಡಗಿತು. ಅವನು ಅವಳ ಕಡೆ ಒಂದು ಹೆಜ್ಜೆ ಇಟ್ಟ.

"ನನ್ನನ್ನ ತಳ್ಳಬಹುದು" ಎಂದಳು ಅವಳು, ತಿರುಗದೆಯೇ. "ಆಮೇಲೆ ನಿಮ್ಮನ್ನ ಇಳಿಸೋರು ಯಾರು?"

ಅವನು ಬೆತ್ತದ ಗೋಡೆಗೆ ಬೆನ್ನು ಜಾರಿಸಿ ಕುಳಿತ. ಎಷ್ಟೋ ಹೆಣ್ಣುಮಕ್ಕಳು ಹೀಗೇ ಗೋಡೆಗೆ ಒರಗಿ ಕುಳಿತಿದ್ದರೆಂದು ಆಗ ಪತ್ರಿಕೆಯಲ್ಲಿ ಓದಿದ್ದ. ಓದಿ ಮಡಚಿಟ್ಟಿದ್ದ.

"ಬೀಗದ ಕೈ ನನ್ನ ಹತ್ರಾನೇ ಇತ್ತು" ಎಂದ, ಕೊನೆಗೆ. "ಊಟಕ್ಕೆ ಹೋಗಿದ್ದೆ. ಹೊಗೆ ನೋಡಿದೆ. ವಾಪಸ್ ಹೋಗೋಕೆ ಧೈರ್ಯ ಬರಲಿಲ್ಲ."

"ಅದನ್ನ ನನಗ್ಯಾಕೆ ಹೇಳ್ತೀರಿ? ನಾನೇನು ಜಡ್ಜಾ?"

"ನನ್ನ ಸಾಯಿಸ್ತೀಯಾ?"

ಅವಳು ಮೊದಲ ಬಾರಿ ಅವನನ್ನು ನೆಟ್ಟಗೆ ನೋಡಿದಳು. "ಸಾಯಿಸೋ ಹಾಗಿದ್ರೆ ಹಾರೋದು ಯಾಕೆ ಕಲೀಬೇಕಿತ್ತು? ಬೀದೀಲಿ ಒಂದು ಲಾರಿ ಸಾಕಾಗ್ತಿತ್ತು. ಏಳಿ. ಕೂದಲೂ ಕೊಂಕದ ಹಾಗೆ ಇಳಿಸ್ತೀನಿ."

ಉರಿ ಮತ್ತೆ ಹೊತ್ತಿಕೊಂಡಿತು. ಬಲೂನು ಏರಿತು, ಇನ್ನೂ ಏರಿತು. ಎಲ್ಲೋ ಒಂದು ಎತ್ತರದಲ್ಲಿ ಅವಳು ಗಾಳಿಗೆ ಅಂಗೈ ಒಡ್ಡಿ ಸಮಾಧಾನದಿಂದ ತಲೆದೂಗಿದಳು. "ಗಾಳಿ ಬಂದಾಗ ತೂರಿಕೊಳ್ಳಬೇಕು ಅಂತಾರಲ್ಲ" ಎಂದಳು, ತನಗೆ ತಾನೇ. ಬಹಳ ಹೊತ್ತು ತೇಲಿದ ಮೇಲೆ ರೇಡಿಯೋ ಎತ್ತಿಕೊಂಡಳು. "ಇಳೀತಾ ಇದ್ದೀನಿ. ಒಬ್ಬರೇ ಪ್ರಯಾಣಿಕರು. ಹೌದು, ಅವರೇ."

ಬಲೂನನ್ನು ನೆಲದ ಮೇಲೆ ಹಿಂಬಾಲಿಸುವ ವ್ಯಾನಿನವರೊಂದಿಗೆ ಮಾತಾಡುತ್ತಿದ್ದಾಳೆ ಎಂದುಕೊಂಡ. ವ್ಯಾನು ಎಂದರೆ ಸಾಕ್ಷಿ. ಸಾಕ್ಷಿಯ ಎದುರು ಯಾರೂ ಕೊಲ್ಲುವುದಿಲ್ಲ. ಹೋದ ಜೀವ ಮರಳಿ ಬಂತು. ಜೀವದ ಹಿಂದೆಯೇ ಸಿಟ್ಟೂ ಬಂತು. ಇಷ್ಟೇನಾ? ಒಬ್ಬ ಮುದುಕನನ್ನು ಹೆದರಿಸಿ ಅಳಿಸುವುದಕ್ಕೆ ಇಷ್ಟೆಲ್ಲ ವೇಷವೇ? ಹಲ್ಲಿಲ್ಲದ ಹಾವು. ಸಂಜೆಯೊಳಗೆ ಇವಳ ಲೈಸೆನ್ಸ್ ರದ್ದು ಮಾಡಿಸದಿದ್ದರೆ ಕೇಳಿ.

ಮಂಜಿನೊಳಗೆ ನುಗ್ಗಿದರು. ಹುಲ್ಲು ಕಂಡಿತು. ಅವನು ಮೊಣಕಾಲು ಮಡಚಿ ಹಗ್ಗ ಹಿಡಿದ. ಬುಟ್ಟಿ ಎರಡು ಸಲ ಪುಟಿದು, ಒಂದಿಷ್ಟು ದೂರ ಎಳೆದುಕೊಂಡು ಹೋಗಿ ನಿಂತಿತು. ಮೈಮೇಲೆ ಒಂದು ಗೀರೂ ಇಲ್ಲ.

ಅವನು ಹೊರಗೆ ಹಾರಿ ಬಟ್ಟೆ ಕೊಡವಿಕೊಂಡ. "ನಾಳೆಯಿಂದ ನೀನು ಹಾರೋದಿಲ್ಲ."

"ಗೊತ್ತು" ಎಂದಳು ಅವಳು. ಬಲೂನಿನ ಬಟ್ಟೆ ಅವಳ ಹಿಂದೆ ನಿಧಾನವಾಗಿ ನೆಲಕ್ಕೆ ಒರಗುತ್ತಿತ್ತು. "ಇವತ್ತೊಂದು ಸಲ ಸಾಕಿತ್ತು."

ಮಂಜು ಸೀಳಿಕೊಂಡು ಒಂದು ಜೀಪು ಬಂತು. ಅವನು ಕೈ ಬೀಸಿ, ಕಾಪಾಡಲು ಬಂದವರ ಕಡೆಗೆ ತಾನೇ ಓಡಿದ.

ಜೀಪಿನಿಂದ ಇಳಿದ ಇಬ್ಬರು ಪೊಲೀಸರ ಮೈಮೇಲಿದ್ದದ್ದು ಹೊಳೆಯ ಈಚೆ ದಡದ, ಹನ್ನೊಂದು ವರ್ಷದ ಹಿಂದೆ ಅವನು ಬಿಟ್ಟು ಓಡಿಹೋಗಿದ್ದ ದೇಶದ ಸಮವಸ್ತ್ರ.