ಸೀ ಮುಕ್ತಾದ ಪಂಪ್‌ಮನ್

ನಾವಿಕರ ಪಟ್ಟಿಯ ಹದಿನಾಲ್ಕನೆಯ ಸಾಲಿನಲ್ಲಿ ಸುಬ್ರಾಯ ಹೆಗಡೆಯ ಸತ್ತ ಅಣ್ಣನ ಹೆಸರಿತ್ತು. ಸೂರ್ಯನಾರಾಯಣ ಹೆಗಡೆ, ಪಂಪ್‌ಮನ್, ಊರು ಹೊನ್ನಾವರ, ಊಟ ಸಸ್ಯಾಹಾರ. ಹುಟ್ಟಿದ ತಾರೀಕೂ ಅದೇ. ತೈಲದ ಹಡಗಿನಲ್ಲಿ ಪಂಪು, ವಾಲ್ವು ನೋಡಿಕೊಳ್ಳುವ ಕೆಲಸ ಅದು. ಹಡಗಿನ ಹೆಸರು ಸೀ ಮುಕ್ತಾ. ಹನ್ನೊಂದು ವರ್ಷದ ಹಿಂದೆ ಅಣ್ಣ ನಡುಸಮುದ್ರದಲ್ಲಿ ಕಾಣೆಯಾದದ್ದು ಅದೇ ಹಡಗಿನಿಂದ.

ಮಲಯ್ ದೇಶದ ಕ್ಲಾಂಗ್ ಬಂದರಿನಲ್ಲಿ ಹಡಗುಗಳಿಗೆ ದಿನಸಿ, ತರಕಾರಿ ಪೂರೈಸುವ ಕಂಪನಿಯಲ್ಲಿ ಸುಬ್ರಾಯನ ಕೆಲಸ. ಯಾರು ಏನು ತಿನ್ನುತ್ತಾರೆಂದು ತಿಳಿಯಲು ಹಡಗಿನವರು ಮೊದಲೇ ಪಟ್ಟಿ ಕಳಿಸುತ್ತಾರೆ. ಒಂದು ಗಳಿಗೆ ತಾಳಿದ್ದರೆ, ಸೀ ಮುಕ್ತಾವನ್ನು ಗುಜರಾತಿನ ಕಡಲತಡಿಯಲ್ಲಿ ಗುಜರಿಗೆಂದು ಒಡೆದು ಆರು ವರ್ಷವಾಯಿತೆಂಬುದು ಅವನಿಗೇ ನೆನಪಾಗುತ್ತಿತ್ತು. ಆತುರಗಾರನಿಗೆ ಬುದ್ಧಿ ಮಟ್ಟ. ಅಲ್ಲೇ ಹತ್ತಿರದ ಸುಬಾಂಗ್ ಜಯಾದ ತನ್ನ ಮನೆಗೆ ಫೋನ್ ಮಾಡಿ ತಾಯಿಗೆ ಹೇಳಿಯೇಬಿಟ್ಟ.

ಗಿರಿಜಮ್ಮ ಬೆಚ್ಚಲಿಲ್ಲ, ಅಳಲೂ ಇಲ್ಲ. ಹೆಣ ಸಿಗದ ಮಗನಿಗೆ ದರ್ಭೆಯ ಬೊಂಬೆ ಮಾಡಿ, ಸುಟ್ಟು, ಕ್ರಿಯೆ ಮುಗಿಸಿದ ದಿನದಿಂದಲೂ ಆಕೆಯದು ಒಂದೇ ಮಾತು. ಈಗಲೂ ಅದನ್ನೇ ಹೇಳಿದಳು.

"ನೀವು ಸುಟ್ಟದ್ದು ಹುಲ್ಲು. ನನ್ನ ಮಗನನ್ನಲ್ಲ."

ಕ್ರಿಯೆ ಆದವನು ಬದುಕಿ ಬಂದರೆ ತೊಟ್ಟಿಲ ಕೂಸಿನ ಹಾಗೆ ಅವನಿಗೆ ಮತ್ತೆ ನಾಮಕರಣ ಮಾಡಿಯೇ ಮನೆಯೊಳಗೆ ಕರೆದುಕೊಳ್ಳಬೇಕು. ಮರುದಿನ ಬೆಳಗಾಗುವಷ್ಟರಲ್ಲಿ ಆಕೆ ಪುರೋಹಿತರನ್ನು ವಿಚಾರಿಸಿದ್ದಳು, ತಮಿಳರ ಅಂಗಡಿಯಿಂದ ಕೆಸುವಿನೆಲೆ ತರಿಸಿದ್ದಳು, ಪತ್ರೊಡೆ ಮಾಡಿ ಡಬ್ಬಿಗೆ ತುಂಬಿದ್ದಳು. ದೊಡ್ಡ ಮಗನಿಗೆ ಪತ್ರೊಡೆಯೆಂದರೆ ಪ್ರಾಣ. ಬಿಸಿ ಡಬ್ಬಿ ಕೈಗೆ ಬಂದಾಗಲೇ ಸುಬ್ರಾಯನಿಗೆ ಹಡಗು ಒಡೆದದ್ದು ನೆನಪಾದದ್ದು. ಅಲ್ಲಿ ಅಣ್ಣ ಇಲ್ಲದಿದ್ದರೆ, ಆಯಿಯ ಮಗನನ್ನು ಎರಡನೇ ಸಲ ಸಾಯಿಸಿದವನು ತಾನೇ.

ಸುಮಾತ್ರದ ಕಾಡಿನ ಬೆಂಕಿಯ ಹೊಗೆ ಜಲಸಂಧಿಯ ಮೇಲೆಲ್ಲ ಕವಿದಿತ್ತು. ನಡು ಮಧ್ಯಾಹ್ನದ ಸೂರ್ಯ ಕುಂಕುಮದ ಬೊಟ್ಟಿನಷ್ಟೇ ಕಾಣುತ್ತಿದ್ದ. ದಿನಸಿ ಹೊತ್ತ ಕಂಪನಿಯ ದೋಣಿ ಎರಡು ಗಂಟೆ ಓಡಿದ ಮೇಲೆ ಮಲಯ್ ಚಾಲಕ ವೇಗ ತಗ್ಗಿಸಿ, ಹಡಗುಗಳ ಜಾಡು ತೋರಿಸುವ ಪರದೆಯನ್ನು ಇವನ ಕಡೆ ತಿರುಗಿಸಿದ. ಪರದೆಯ ಮೇಲೆ ಸುತ್ತಲೂ ಬರೀ ನೀರು. ಇಲ್ಲಿ ಹಡಗೇ ಇಲ್ಲ, ಎಂದ. ತಲೆಯೆತ್ತಿದರೆ ಎದುರಿಗೇ ಕಪ್ಪು ಗೋಡೆಯಂತೆ ನಿಂತಿತ್ತು ಹಡಗು. ಸೀ ಮುಕ್ತಾ ಎಂದು ಬರೆದ ಹೊಸ ಬಿಳಿ ಬಣ್ಣದಡಿಯಲ್ಲಿ ಬೇರೊಂದು ಹೆಸರಿನ ಉಬ್ಬು ಅಕ್ಷರಗಳು ಕಾಣುತ್ತಿದ್ದವು. ಅದರಾಚೆ ಇನ್ನೊಂದು ಹಡಗು, ಎರಡರ ನಡುವೆ ದಪ್ಪನೆಯ ಕೊಳವೆ. ಒಂದು ನರಪಿಳ್ಳೆಯ ದನಿಯಿಲ್ಲ.

ಸುಬ್ರಾಯನಿಗೆ ಆಗ ಹೊಳೆಯಿತು. ಬಂದರಿನಲ್ಲಿ ಇದು ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ಇರಾನಿನ ತೈಲ ಮುಟ್ಟಕೂಡದೆಂದು ಅಮೆರಿಕದ ನಿರ್ಬಂಧ. ಮಾರದೆ ಇರಾನಿಗೆ ಗತಿಯಿಲ್ಲ, ಬಿಡಲು ಕೊಳ್ಳುವವರಿಗೂ ಮನಸ್ಸಿಲ್ಲ. ಎದುರೆದುರು ಕೈಕುಲುಕಲಾಗದ ದೇಶಗಳ ನಡುವೆ ಇಂಥ ಹಡಗುಗಳು ಗುಜರಿ ಸೇರಿದ ಹಡಗುಗಳ ಹೆಸರು ಹೊತ್ತು ಬರುತ್ತವೆ, ಜಾಡು ತೋರಿಸುವ ಯಂತ್ರ ಆರಿಸಿ, ನಡುನೀರಿನಲ್ಲಿ ತೈಲ ದಾಟಿಸಿ ಮಾಯವಾಗುತ್ತವೆ. ಸೀ ಮುಕ್ತಾದ ಹೆಸರು ಕೊಂಡವರು ಅದರ ಹಳೆಯ ನಾವಿಕರ ಕಾಗದಗಳನ್ನೂ ಕೊಂಡಿರಬೇಕು. ಆದರೂ ಆಸೆ ಕೆಟ್ಟದ್ದು. ಅವನು ಬಾಯಿಗೆ ಕೈಯಿಟ್ಟು ಕೂಗಿದ.

"ಸೂರಣ್ಣಾ!"

"ಓ" ಎಂದು ಯಾರೋ ಓಗೊಟ್ಟರು. ಹಡಗಿನ ಪಕ್ಕದ ಏಣಿಯಿಳಿದು ಬಂದವನು ಅಣ್ಣನ ವಯಸ್ಸಿನ ಒಣಕಲು ಮನುಷ್ಯ. ಅಣ್ಣನಲ್ಲ. ರಸೀತಿಗೆ ಸೂರ್ಯನಾರಾಯಣ ಹೆಗಡೆ ಎಂದು ತಡವರಿಸದೆ ಸಹಿ ಹಾಕಿದ. ಸುಬ್ರಾಯ ತಾನು ಯಾರೆಂದು ಹೇಳಿದಾಗ ಪೆನ್ನು ಹಿಡಿದ ಆ ಕೈ ನಿಂತಿತು. ಸುಳ್ಳು ಹೇಳಲಿಲ್ಲ ಪುಣ್ಯಾತ್ಮ. ತನ್ನದು ಅಂಕೋಲೆಯ ಕಡೆ, ಮುಂಬೈಯ ಏಜೆಂಟ್ ಈ ಹೆಸರು ಕೊಟ್ಟ, ಹೊನ್ನಾವರದ ಕಡೆಯ ಮಾತು ಬರುತ್ತದೆಂದೇ ಆರಿಸಿದ, ಎಂದ. ಹಡಗು ಯಾವ ಬಂದರಿಗೂ ಹೋಗುವುದಿಲ್ಲ, ಯಾವ ದೇಶವೂ ತನ್ನದೆನ್ನುವುದಿಲ್ಲ. ಎರಡು ವರ್ಷದಿಂದ ಅವನು ನೆಲ ಮೆಟ್ಟಿರಲಿಲ್ಲ.

"ನಿಮ್ಮ ನಿಜವಾದ ಹೆಸ್ರು ಹೇಳಿ, ಮನೆಯವ್ರಿಗೆ ತಿಳಿಸ್ತೇನೆ" ಎಂದ ಸುಬ್ರಾಯ.

ಆತ ಬಾಯಿ ತೆರೆದ. ಯಾವುದೋ ಅಕ್ಷರಕ್ಕಾಗಿ ತುಟಿ ಅಲುಗಿತು, ಅಲ್ಲೇ ನಿಂತಿತು. ಹೊಗೆಯ ಕಡೆ ನೋಡುತ್ತ ನೆನಪು ಮಾಡಿಕೊಳ್ಳಲು ಹೆಣಗಿದ. ಆಮೇಲೆ ತಲೆಯಾಡಿಸಿ, ಬಲು ಮೆಲ್ಲಗೆ ಕೇಳಿದ.

"ಅದು ಬಿಡಿ. ನಾನು ಹ್ಯಾಂಗೆ ಸತ್ತೆ?"

ಸಂಜೆ ಡೆಕ್ಕಿನ ಮೇಲೆ ವಾಲ್ವ್ ನೋಡಿ ಬರುತ್ತೇನೆಂದು ಹೋದವನು ಊಟಕ್ಕೆ ಬರಲಿಲ್ಲ, ಅಷ್ಟೇ ಗೊತ್ತು, ಎಂದ ಸುಬ್ರಾಯ. ಡಬ್ಬಿ ಮುಂದೆ ಹಿಡಿದ. ಆಯಿ ಕಳಿಸಿದ್ದು, ಪತ್ರೊಡೆ.

ಆತ ಏಣಿಯ ಮೆಟ್ಟಿಲ ಮೇಲೆಯೇ ಕುಳಿತು ತಿಂದ. ಒಂದು ಚೂರೂ ಬಿಡದೆ ತಿಂದು, ಸಮುದ್ರದ ನೀರಿನಲ್ಲಿ ಡಬ್ಬಿ ತೊಳೆದು ಕೊಟ್ಟು, ಮೇಲೆ ಹತ್ತಿದ. ದೋಣಿ ತಿರುಗಿತು. ಹೊಗೆಯೊಳಗೆ ಮೊದಲು ಹಡಗಿನ ಹೆಸರು ಅಳಿಸಿಹೋಯಿತು, ಆಮೇಲೆ ಹಡಗು. ಏನೂ ಕಾಣದ ಆ ಕಡೆಯಿಂದ ದನಿಯೊಂದೇ ಬಂತು.

"ತಮ್ಮಾ, ಆಯಿಗೆ ಹೇಳು. ನಾನು ಉಂಡೆ."